ವಿಂಡೋಸ್ ಅನ್ನು ದೊಡ್ಡ ಎಸ್‌ಎಸ್‌ಡಿಗೆ ವರ್ಗಾಯಿಸುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಕೊಂಡ ಅನೇಕ ಲ್ಯಾಪ್‌ಟಾಪ್‌ಗಳಲ್ಲಿರುವುದು 256 ಜಿಬಿ ಸಾಮರ್ಥ್ಯದ ಎಸ್‌ಎಸ್‌ಡಿ. ವಿಂಡೋಸ್, ಅದರ ಪರಿಷ್ಕರಣೆಗಳು, ಕಚೇರಿ ತಂತ್ರಾಂಶಗಳು ಹಾಗೂ ಮೊಬೈಲಿನಿಂದ ಇಳಿಸಿಕೊಂಡ ಛಾಯಾಚಿತ್ರಗಳು ಸೇರಿ ಸಿ ಡ್ರೈವ್ ತುಂಬಿಹೋದಾಗ ಹೊಸ ಗಣಕವನ್ನೇ ಕೊಳ್ಳಬೇಕೆಂದಿಲ್ಲ. ಹೆಚ್ಚು ಸಾಮರ್ಥ್ಯದ ಎಸ್‌ಎಸ್‌ಡಿ ತಂದು, ಕಾರ್ಯಾಚರಣ ವ್ಯವಸ್ಥೆಯನ್ನು ತಂತ್ರಾಂಶ ಹಾಗೂ ಕಡತಗಳ ಸಮೇತ ಅದಕ್ಕೆ ವರ್ಗಾಯಿಸಿಕೊಳ್ಳಬಹುದು. ನಕಲು ಮಾಡುವ ಕೆಲಸವನ್ನು ತಂತ್ರಾಂಶವೇ ನಿರ್ವಹಿಸುತ್ತದೆ. ಆದರೆ ಅದಕ್ಕೆ ಮುನ್ನ ಮತ್ತು ಅದರ ನಂತರ ಬಳಕೆದಾರರು ತೋರುವ ಅವಸರದಿಂದ ವರ್ಷಗಳ ದಾಖಲೆಗಳು ಕೈತಪ್ಪಿಹೋಗುವ ಸಂಭವವಿದೆ. ಆದ್ದರಿಂದ ಇಲ್ಲಿ ವೇಗಕ್ಕಿಂತ ಕ್ರಮವೇ ಮುಖ್ಯ.

ಖರೀದಿಗೆ ಮುನ್ನ

ಮೊದಲು ತಿಳಿಯಬೇಕಾದದ್ದು ನಿಮ್ಮ ಗಣಕಕ್ಕೆ ಯಾವ ಬಗೆಯ ಎಸ್‌ಎಸ್‌ಡಿ ಹೊಂದುತ್ತದೆ ಎಂಬುದನ್ನು. ಎರಡೂವರೆ ಇಂಚಿನ ಸಾಟಾ ಡ್ರೈವ್‌ಗಳ ವೇಗ ಸೆಕೆಂಡಿಗೆ ಸುಮಾರು 550 ಎಂಬಿಗೆ ಸೀಮಿತ. ಚೂಯಿಂಗ್ ಗಮ್ ಪಟ್ಟಿಯಂತೆ ಕಾಣುವ ಎಂ.2 ಡ್ರೈವ್‌ಗಳಲ್ಲಿ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಬಗೆಗಳಿವೆ. ಮೂರನೇ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್ ಸಂಪರ್ಕದ ಎನ್‌ವಿಎಂಇ ಡ್ರೈವ್‌ಗಳು ಸೆಕೆಂಡಿಗೆ ಸುಮಾರು 3,500 ಎಂಬಿ, ನಾಲ್ಕನೇ ತಲೆಮಾರಿನವು ಸುಮಾರು 7,000 ಎಂಬಿ ವೇಗದಲ್ಲಿ ಓದಬಲ್ಲವು. ಹೊರನೋಟಕ್ಕೆ ಹೋಲಿಕೆಯಿದ್ದರೂ ಒಂದು ಬಗೆಯ ಕಿಂಡಿಯಲ್ಲಿ ಇನ್ನೊಂದು ಬಗೆ ಕೆಲಸ ಮಾಡದಿರಬಹುದು. ಉದ್ದವನ್ನೂ ಗಮನಿಸಬೇಕು. 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ; 2230 ಎಂದರೆ 30 ಮಿ.ಮೀ. ಉದ್ದ. ಇತ್ತೀಚಿನ ಮ್ಯಾಕ್‌ಬುಕ್‌ಗಳಂತೆ ಸಂಗ್ರಹಣೆಯನ್ನು ಮುಖ್ಯಫಲಕಕ್ಕೇ ಬೆಸುಗೆ ಹಾಕಿರುವ ಗಣಕಗಳಲ್ಲಿ ಈ ಬದಲಾವಣೆ ಸಾಧ್ಯವಿಲ್ಲ.

ಹೊಸ ಡ್ರೈವ್ ಕೊಂಡವರು 512 ಜಿಬಿ ಬದಲು 476 ಜಿಬಿ ಮಾತ್ರ ಕಾಣುತ್ತಿದೆ ಎಂದು ಗಾಬರಿಯಾಗಬೇಕಿಲ್ಲ. ತಯಾರಕರು 1 ಜಿಬಿಗೆ 100 ಕೋಟಿ ಬೈಟ್ ಎಂದು ಲೆಕ್ಕ ಹಾಕಿದರೆ, ವಿಂಡೋಸ್ 107 ಕೋಟಿಗೂ ಹೆಚ್ಚು ಬೈಟ್‌ಗಳಿಗೆ 1 ಜಿಬಿ ಎನ್ನುತ್ತದೆ. 1 ಟಿಬಿ ಡ್ರೈವ್ ಇದೇ ಕಾರಣಕ್ಕೆ 931 ಜಿಬಿ ಎಂದು ಕಾಣಿಸಿಕೊಳ್ಳುತ್ತದೆ.

ತದ್ರೂಪು ನಕಲೋ, ಹೊಸ ಅನುಸ್ಥಾಪನೆಯೋ?

ಹಳೆಯ ಡ್ರೈವ್‌ನಲ್ಲಿರುವುದನ್ನು ಇದ್ದಂತೆಯೇ ಹೊಸದಕ್ಕೆ ಇಳಿಸುವುದಕ್ಕೆ ಕ್ಲೋನ್ ಎನ್ನುತ್ತಾರೆ. ವೈರಸ್ ಬಾಧೆಯಿರುವ ಅಥವಾ ಪದೇ ಪದೇ ಸ್ಥಗಿತಗೊಳ್ಳುವ ಗಣಕವನ್ನು ಕ್ಲೋನ್ ಮಾಡಿದರೆ ರೋಗವೂ ಜತೆಗೇ ಬರುತ್ತದೆ. ಅಂಥ ಸಂದರ್ಭದಲ್ಲಿ ವಿಂಡೋಸ್ ಅನ್ನು ಹೊಸದಾಗಿ ಅನುಸ್ಥಾಪಿಸುವುದೇ ಲೇಸು. ಗಣಕ ಸುಸ್ಥಿತಿಯಲ್ಲಿದ್ದರೆ ಕ್ಲೋನ್ ಅನುಕೂಲಕರ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಕಡತಗಳನ್ನು ಸಿದ್ಧಪಡಿಸಿರುವ ಕನ್ನಡಿಗರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಯೂನಿಕೋಡ್ ಅಲ್ಲದ ಆ ಕಡತಗಳು ತಕ್ಕ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಕ್ಲೋನ್ ಮಾಡಿದಾಗ ಅಕ್ಷರಶೈಲಿಗಳೂ ಜತೆಯಲ್ಲೇ ಬರುತ್ತವೆ.

48 ಅಂಕಿಗಳ ಕೀಲಿ

ಕೆಲಸ ಆರಂಭಿಸುವ ಮುನ್ನ ಮುಖ್ಯ ಕಡತಗಳ ಪ್ರತಿಯೊಂದನ್ನು ಮೂರನೆಯ ಸಾಧನದಲ್ಲಿ, ಅಂದರೆ ಹಳೆಯ ಹಾಗೂ ಹೊಸ ಎಸ್‌ಎಸ್‌ಡಿ ಎರಡೂ ಅಲ್ಲದ ಕಡೆ ಇರಿಸತಕ್ಕದ್ದು. ಹಳೆಯ ಡ್ರೈವ್‌ನ ಆರೋಗ್ಯವನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶದಿಂದ ಪರೀಕ್ಷಿಸಬಹುದು. ಅದು ದೋಷ ತೋರಿಸಿದರೆ ಕ್ಲೋನ್ ಮಾಡುವ ಮುನ್ನ ಕಡತಗಳನ್ನು ಹೊರತೆಗೆಯುವುದೇ ಮೊದಲ ಕೆಲಸ.

ಎರಡನೆಯದು, ಬಹಳಷ್ಟು ಜನರ ಗಮನಕ್ಕೇ ಬಾರದ ಸಂಗತಿ. ಇಂದಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಗೂಢಲಿಪಿಯಲ್ಲಿರುತ್ತದೆ. ಇದಕ್ಕೆ ಪ್ರೊ ಆವೃತ್ತಿಯಲ್ಲಿ ಬಿಟ್‌ಲಾಕರ್ ಎಂದೂ ಹೋಮ್ ಆವೃತ್ತಿಯಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಎಂದೂ ಹೆಸರು. 2024ರಲ್ಲಿ ಬಿಡುಗಡೆಯಾದ ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಅನುಸ್ಥಾಪಿಸಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದರೆ, ಅರ್ಹ ಗಣಕಗಳಲ್ಲಿ ಈ ರಕ್ಷಣೆ ತಾನಾಗಿಯೇ ಜಾರಿಗೆ ಬರುತ್ತದೆ. ಡ್ರೈವ್ ಬದಲಾದಾಗ ಅಥವಾ ಆರಂಭದ ಕ್ರಮ ಬದಲಾದಾಗ ಗಣಕವು 48 ಅಂಕಿಗಳ ರಿಕವರಿ ಕೀಲಿಯನ್ನು ಕೇಳಬಹುದು. ಕೀಲಿ ಇಲ್ಲದಿದ್ದರೆ ಒಳಗಿರುವ ಕಡತಗಳನ್ನು ದುರಸ್ತಿ ಅಂಗಡಿಯವರಾಗಲಿ, ಗಣಕ ತಯಾರಕರಾಗಲಿ ತೆರೆದುಕೊಡಲಾರರು.

ಈ ಕೀಲಿಯು ಸಾಮಾನ್ಯವಾಗಿ ಬಳಕೆದಾರರ ಮೈಕ್ರೋಸಾಫ್ಟ್ ಖಾತೆಯಲ್ಲಿ ದಾಖಲಾಗಿರುತ್ತದೆ. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಸೆಟ್ಟಿಂಗ್ಸ್‌ನಲ್ಲಿ ಗೂಢಲಿಪಿ ರಕ್ಷಣೆಯನ್ನು ತಾತ್ಕಾಲಿಕವಾಗಿ ಸಂಪೂರ್ಣ ತೆಗೆದುಹಾಕಿ, ಆನಂತರವೇ ಮುಂದುವರಿಯುವುದು ಸುರಕ್ಷಿತ. ಲ್ಯಾಪ್‌ಟಾಪನ್ನು ಅಂಗಡಿಗೆ ಕೊಟ್ಟು ಈ ಕೆಲಸ ಮಾಡಿಸುವವರೂ ಇದನ್ನು ಮರೆಯಬಾರದು.

ನಕಲು ಮಾಡುವ ಕ್ರಮ

ಒಂದೇ ಎಂ.2 ಕಿಂಡಿಯಿರುವ ಲ್ಯಾಪ್‌ಟಾಪ್‌ಗಳಲ್ಲಿ ಹೊಸ ಡ್ರೈವನ್ನು ಯುಎಸ್‌ಬಿ ಎನ್‌ಕ್ಲೋಷರ್ ಮೂಲಕ ಜೋಡಿಸಬೇಕಾಗುತ್ತದೆ. ಎನ್‌ಕ್ಲೋಷರ್‌ಗಳಲ್ಲೂ ಸಾಟಾ ಮತ್ತು ಎನ್‌ವಿಎಂಇ ಎಂಬ ಭೇದವಿದೆ. ಸೆಕೆಂಡಿಗೆ ಸರಾಸರಿ 200 ಎಂಬಿ ವೇಗ ದೊರೆತರೆ 200 ಜಿಬಿ ದತ್ತಾಂಶವು ಸುಮಾರು 17 ನಿಮಿಷಗಳಲ್ಲಿ ಸಾಗುತ್ತದೆ. ಹಳೆಯ ಯುಎಸ್‌ಬಿ 2.0 ಕಿಂಡಿಯಲ್ಲಾದರೆ ಒಂದೂವರೆ ಗಂಟೆಗೂ ಹೆಚ್ಚು ಬೇಕು.

ತಂತ್ರಾಂಶಗಳ ಪೈಕಿ ತೈವಾನಿನಲ್ಲಿ ರೂಪುಗೊಂಡ ಕ್ಲೋನ್‌ಝಿಲ್ಲಾ ಉಚಿತ ಹಾಗೂ ಮುಕ್ತ ತಂತ್ರಾಂಶವಾಗಿದೆ. ಇದನ್ನು ಪೆನ್‌ಡ್ರೈವ್‌ನಿಂದ ಆರಂಭಿಸಿ ಬಳಸಬಹುದು. ಕೆಲವು ಎಸ್‌ಎಸ್‌ಡಿ ತಯಾರಕರು ತಮ್ಮ ಡ್ರೈವ್ ಕೊಂಡವರಿಗೆ ವರ್ಗಾವಣೆ ತಂತ್ರಾಂಶವನ್ನು ಉಚಿತವಾಗಿ ಒದಗಿಸುತ್ತಾರೆ. ಹಿಂದೆ ಜನಪ್ರಿಯವಾಗಿದ್ದ ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಉಚಿತ ಆವೃತ್ತಿಯನ್ನು ಅದರ ತಯಾರಕರು ಕೈಬಿಟ್ಟಿದ್ದಾರೆ.

ಕ್ಲೋನ್‌ಝಿಲ್ಲಾ ಬಳಸುವವರು ಗಣಕವನ್ನು ಶಿಫ್ಟ್ ಕೀಲಿ ಒತ್ತಿಹಿಡಿದು ಪೂರ್ಣವಾಗಿ ಸ್ಥಗಿತಗೊಳಿಸಬೇಕು. ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಜಾರಿಯಲ್ಲಿದ್ದರೆ ವಿಂಡೋಸ್ ಅರೆನಿದ್ರೆಯಲ್ಲೇ ಇದ್ದು, ನಕಲು ಅಪೂರ್ಣವಾಗಬಹುದು. ಲ್ಯಾಪ್‌ಟಾಪ್‌ಗೆ ಚಾರ್ಜರ್ ಜೋಡಿಸಿರುವುದೂ ಅವಶ್ಯ.

ಅತ್ಯಂತ ಅಪಾಯಕಾರಿ ಘಟ್ಟವೆಂದರೆ ಮೂಲ ಯಾವುದು, ಗುರಿ ಯಾವುದು ಎಂದು ಆಯ್ಕೆ ಮಾಡುವುದು. ಇದು ಅದಲುಬದಲಾದರೆ ಖಾಲಿ ಡ್ರೈವ್‌ನ ನಕಲು ತುಂಬಿದ ಡ್ರೈವ್ ಮೇಲೆ ಬಿದ್ದು, ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಡಿಸ್ಕ್ 0, ಡಿಸ್ಕ್ 1 ಎಂಬ ಸಂಖ್ಯೆಗಳನ್ನಷ್ಟೇ ನಂಬದೆ ಡ್ರೈವ್‌ನ ಮಾದರಿ ಹೆಸರು ಮತ್ತು ಸಾಮರ್ಥ್ಯವನ್ನು ಓದಿ ಖಚಿತಪಡಿಸಿಕೊಳ್ಳಬೇಕು. ಸಿ ಡ್ರೈವ್ ಒಂದನ್ನೇ ನಕಲು ಮಾಡಿದರೆ ಸಾಲದು. ಗಣಕ ಆರಂಭಗೊಳ್ಳಲು ಬೇಕಾದ ಸುಮಾರು 100 ಎಂಬಿಯ ಇಎಫ್‌ಐ ವಿಭಾಗ, 16 ಎಂಬಿಯ ಕಾಯ್ದಿರಿಸಿದ ವಿಭಾಗ ಮತ್ತು ರಿಕವರಿ ವಿಭಾಗ ಸೇರಿದಂತೆ ಇಡೀ ಡ್ರೈವನ್ನೇ ಆರಿಸಿಕೊಳ್ಳಬೇಕು.

ಮೊದಲ ಆರಂಭ

ನಕಲು ಮುಗಿದ ಬಳಿಕ ಗಣಕವನ್ನು ಸ್ಥಗಿತಗೊಳಿಸಿ, ಹಳೆಯ ಡ್ರೈವನ್ನು ಹೊರತೆಗೆದು, ಹೊಸದನ್ನು ಅದರ ಜಾಗದಲ್ಲಿ ಕೂರಿಸಬೇಕು. ಎರಡನ್ನೂ ಒಟ್ಟಿಗೆ ಜೋಡಿಸಿ ಆರಂಭಿಸಬಾರದು. ಎರಡರ ಗುರುತುಸಂಖ್ಯೆಯೂ ಒಂದೇ ಆಗಿದ್ದರೆ ವಿಂಡೋಸ್ ಒಂದನ್ನು ನಿಷ್ಕ್ರಿಯಗೊಳಿಸುತ್ತದೆ. ಅಲ್ಲದೆ, ಯಾವ ಡ್ರೈವ್‌ನಿಂದ ಗಣಕ ಆರಂಭವಾಯಿತು ಎಂಬುದೇ ತಿಳಿಯದೆ, ಹಳೆಯದನ್ನು ಅಳಿಸಿದ ಮೇಲೆ ಹೊಸದು ಆರಂಭವಾಗದಿರುವ ಪ್ರಸಂಗ ಎದುರಾಗಬಹುದು.

ಸಾಟಾದಿಂದ ಎನ್‌ವಿಎಂಇಗೆ ಬದಲಾಯಿಸಿದಾಗ ಕೆಲವೊಮ್ಮೆ ನೀಲಿ ಪರದೆ ಕಾಣಿಸಿಕೊಳ್ಳುತ್ತದೆ. ಒಮ್ಮೆ ಸೇಫ್ ಮೋಡ್‌ನಲ್ಲಿ ಆರಂಭಿಸಿದರೆ ಅಗತ್ಯ ಚಾಲಕ ತಂತ್ರಾಂಶ ಸಕ್ರಿಯಗೊಂಡು ಸಮಸ್ಯೆ ಬಗೆಹರಿಯುವುದುಂಟು. ಮುಖ್ಯಫಲಕ ಬದಲಾಗದಿರುವುದರಿಂದ ವಿಂಡೋಸ್ ಪರವಾನಗಿಗೆ ಸಾಮಾನ್ಯವಾಗಿ ಧಕ್ಕೆಯಿಲ್ಲ.

ಜಾಗ ಹೆಚ್ಚಾಗಲಿಲ್ಲವೇ?

512 ಜಿಬಿ ಡ್ರೈವ್ ಹಾಕಿದರೂ ಸಿ ಡ್ರೈವ್ ಹಳೆಯ ಗಾತ್ರದಲ್ಲೇ ಉಳಿದಿದ್ದರೆ, ಹೆಚ್ಚುವರಿ ಜಾಗ ಹಂಚಿಕೆಯಾಗದೆ ಕೊನೆಯಲ್ಲಿದೆ ಎಂದರ್ಥ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಪಕ್ಕದಲ್ಲೇ ಇರುವ ಖಾಲಿ ಜಾಗವನ್ನು ಮಾತ್ರ ಸೇರಿಸಿಕೊಳ್ಳಬಲ್ಲದು. ನಡುವೆ ರಿಕವರಿ ವಿಭಾಗ ಅಡ್ಡ ಇದ್ದರೆ ಎಕ್ಸ್‌ಟೆಂಡ್ ಆಯ್ಕೆ ದೊರೆಯುವುದಿಲ್ಲ. ಆ ವಿಭಾಗವನ್ನು ಅಳಿಸುವ ಬದಲು ಜಿಪಾರ್ಟೆಡ್‌ನಂಥ ಉಚಿತ ತಂತ್ರಾಂಶದಿಂದ ಕೊನೆಗೆ ಸರಿಸುವುದು ಉತ್ತಮ. ವಿಂಡೋಸ್ ಕೆಟ್ಟಾಗ ದುರಸ್ತಿಗೆ ನೆರವಾಗುವುದು ಅದೇ ವಿಭಾಗ. 2024ರ ಜನವರಿಯಲ್ಲಿ ಬಂದ ವಿಂಡೋಸ್ 10ರ ಭದ್ರತಾ ಪರಿಷ್ಕರಣೆಯೊಂದು ರಿಕವರಿ ವಿಭಾಗದಲ್ಲಿ ಸಾಕಷ್ಟು ಜಾಗವಿಲ್ಲದ ಗಣಕಗಳಲ್ಲಿ ವಿಫಲವಾಗಿತ್ತು ಎಂಬುದು ಗಮನಾರ್ಹ.

2 ಟಿಬಿಗಿಂತ ದೊಡ್ಡ ಡ್ರೈವ್ ಹಾಕುವವರು ಹಳೆಯ ಎಂಬಿಆರ್ ವಿಭಜನಾ ಪದ್ಧತಿಯನ್ನು ಬಿಟ್ಟು ಜಿಪಿಟಿಗೆ ಬದಲಾಗಬೇಕು. ಎಂಬಿಆರ್‌ನ ಮಿತಿ ಸುಮಾರು 2 ಟಿಬಿ. ವಿಂಡೋಸ್ 11ಕ್ಕೂ ಯುಇಎಫ್‌ಐ ಮತ್ತು ಜಿಪಿಟಿಯೇ ಸೂಕ್ತ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಹಳೆಯ ಗಣಕಕ್ಕೆ ಹಣ ಹಾಕುವ ಮುನ್ನ ಅದು ವಿಂಡೋಸ್ 11ಕ್ಕೆ ಅರ್ಹವೇ ಎಂದು ನೋಡಿಕೊಳ್ಳುವುದು ಒಳಿತು.

ಹಳೆಯ ಡ್ರೈವ್ ಏನು ಮಾಡಬೇಕು?

ಕನಿಷ್ಠ ಎರಡು ವಾರಗಳ ಕಾಲ ಅದನ್ನು ಮುಟ್ಟದೆ ತೆಗೆದಿಡಿ. ಹೊಸ ಡ್ರೈವ್‌ನಲ್ಲಿ ಛಾಯಾಚಿತ್ರಗಳು, ಕಚೇರಿ ಕಡತಗಳು, ಇ-ಮೇಲ್ ಎಲ್ಲವೂ ತೆರೆಯುತ್ತಿವೆ ಎಂದು ಖಚಿತವಾದ ಮೇಲೆ ಗೂಢಲಿಪಿ ರಕ್ಷಣೆಯನ್ನು ಮತ್ತೆ ಜಾರಿಗೊಳಿಸಿ, ಹೊಸ ಕೀಲಿಯನ್ನು ದಾಖಲಿಸಿಕೊಳ್ಳಿ. ಹಳೆಯದನ್ನು ಮಾರುವುದಾದರೆ ತಯಾರಕರ ತಂತ್ರಾಂಶದಲ್ಲಿರುವ ಸೆಕ್ಯೂರ್ ಇರೇಸ್ ಸೌಲಭ್ಯದಿಂದ ಅಳಿಸಬೇಕು. ಬರೀ ಕ್ವಿಕ್ ಫಾರ್ಮ್ಯಾಟ್ ಮಾಡಿ ಅಪರಿಚಿತರ ಕೈಗೆ ಕೊಡುವುದು ಸರಿಯಲ್ಲ. ಮಾರುವ ಉದ್ದೇಶವಿಲ್ಲದಿದ್ದರೆ ಎನ್‌ಕ್ಲೋಷರ್‌ನಲ್ಲಿರಿಸಿ ಬ್ಯಾಕಪ್ ಸಾಧನವಾಗಿ ಬಳಸಬಹುದು. ಆದರೆ ಎಸ್‌ಎಸ್‌ಡಿಗಳು ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಉಳಿದರೆ ದತ್ತಾಂಶ ಮಾಸುವ ಸಾಧ್ಯತೆಯಿರುವುದರಿಂದ, ಆಗಾಗ ಜೋಡಿಸಿ ಪರೀಕ್ಷಿಸುತ್ತಿರಬೇಕು.