ಬಿಂದುಚಿತ್ರಗಳಿಂದ ರೇಖೋದ್ಧಾರ

ಕಾಗದದ ಮೇಲಿನ ನಕ್ಷೆಯನ್ನು ಕಂಪ್ಯೂಟರಿನಲ್ಲಿ ನಿಲ್ಲಿಸುವ ಬಗೆಗಳು ಎರಡು. ನಕ್ಷೆಯನ್ನೆಲ್ಲ ಸಣ್ಣ ಚೌಕಗಳಾಗಿ ವಿಭಾಗಿಸಿ, ಪ್ರತಿಯೊಂದರಲ್ಲಿಯೂ ಮಸಿಯಿದೆಯೊ ಇಲ್ಲವೊ ಎಂಬುದನ್ನು ಅಂಕೆಗಳಿಂದ ಗುರುತಿಸುವುದು ಒಂದು. ಇದಕ್ಕೆ ರಾಸ್ಟರ್ ಎಂದು ಹೆಸರು. ರೇಖೆಯು ಎಲ್ಲಿಂದ ಹೊರಟು ಎಲ್ಲಿ ಮುಗಿಯುವುದು, ವೃತ್ತದ ಕೇಂದ್ರವಾವುದು, ತ್ರಿಜ್ಯವೆಷ್ಟು ಎಂದು ಆಕೃತಿಯ ಲಕ್ಷಣವನ್ನೇ ಹೇಳುವುದು ಮತ್ತೊಂದು, ಇದು ವೆಕ್ಟರ್. ಯಂತ್ರಗಳನ್ನೂ ಕಟ್ಟಡಗಳನ್ನೂ ಕಂಪ್ಯೂಟರಿನ ನೆರವಿನಿಂದ ರೂಪಿಸುವವರಿಗೆ ಬೇಕಾದುದು ಎರಡನೆಯದು. ಹಳೆಯ ಕಾಗದದಿಂದ ಸ್ಕ್ಯಾನರ್ ಎತ್ತಿಕೊಡುವುದಾದರೊ ಮೊದಲನೆಯದು.

ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ರಾಸ್ಟರ್ ನಿರ್ವಿಕಲ್ಪಕ, ವೆಕ್ಟರ್ ಸವಿಕಲ್ಪಕ. ವಿಶೇಷಣವಿಶೇಷ್ಯಭಾವವನ್ನು ಗ್ರಹಿಸದ ನಿರ್ವಿಕಲ್ಪಕವು ಪ್ರಮೆಯೂ ಅಲ್ಲ, ಭ್ರಮವೂ ಅಲ್ಲವೆಂಬುದು ನವ್ಯನೈಯಾಯಿಕರ ಮತ. 'ಇದು ರೇಖೆ' ಎಂಬ ನಿಶ್ಚಯವಾದ ಬಳಿಕವೇ ತಪ್ಪಿಗೆ ಅವಕಾಶ. ಯಂತ್ರಕ್ಕೆ ಜ್ಞಾನವುಂಟೆಂದು ಇದರಿಂದ ತಿಳಿಯಬಾರದು. ದೃಷ್ಟಾಂತವು ಏಕದೇಶದಲ್ಲಿ ಮಾತ್ರ ಹೊಂದುವುದು. ಆದರೂ ಈ ವಿದ್ಯೆಯ ಇತಿಹಾಸವನ್ನು ಅರಿಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

1957ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೊ ಆಫ್ ಸ್ಟ್ಯಾಂಡರ್ಡ್ಸ್ ಸಂಸ್ಥೆಯಲ್ಲಿ ರಸೆಲ್ ಕಿರ್ಷ್ ಅವರೂ ಅವರ ಸಂಗಡಿಗರೂ ಒಂದು ಶಿಶುವಿನ ಭಾವಚಿತ್ರವನ್ನು ಉದ್ದ 176, ಅಗಲ 176, ಒಟ್ಟು 30,976 ಬಿಂದುಗಳಾಗಿ ಕಂಪ್ಯೂಟರಿಗೆ ಊಡಿದರು. ಮನುಷ್ಯನ ಕಣ್ಣಿಗೆ ಅಲ್ಲಿ ಮುಖವಿದ್ದಿತು. ಯಂತ್ರಕ್ಕೆ ಇದ್ದುದು ಅಂಕೆಗಳ ರಾಶಿ.

ಆರು ವರ್ಷಗಳ ತರುವಾಯ, 1963ರಲ್ಲಿ, ಎಂ.ಐ.ಟಿ. ವಿದ್ಯಾಸಂಸ್ಥೆಗೆ ಎರಡು ಪ್ರಬಂಧಗಳು ಸಲ್ಲಿಸಲ್ಪಟ್ಟವು. ಎರಡಕ್ಕೂ ಆಧಾರವಾದುದು ಟಿ.ಎಕ್ಸ್.-2 ಎಂಬ ಒಂದೇ ಕಂಪ್ಯೂಟರ್. ಐವನ್ ಸದರ್‌ಲೆಂಡ್ ಅವರ 'ಸ್ಕೆಚ್‌ಪ್ಯಾಡ್' ಬೆಳಕಿನ ಲೇಖನಿಯಿಂದ ತೆರೆಯ ಮೇಲೆ ನೇರವಾಗಿ ರೇಖೆಯನ್ನೆಳೆಯುವ ಕ್ರಮವನ್ನು ತೋರಿಸಿತು. ಅಲ್ಲಿ ಬಿಂದುವಿನ ತೊಡಕೇ ಇಲ್ಲ. ಲಾರೆನ್ಸ್ ರಾಬರ್ಟ್ಸ್ ಅವರು ಹಿಡಿದುದು ಕಠಿನವಾದ ದಾರಿ: ಛಾಯಾಚಿತ್ರದಿಂದ ರೇಖೆಯನ್ನು ಪಡೆಯುವುದು. ಓರೆಯಾಗಿ ಎದುರುಬದುರಿರುವ ಬಿಂದುಗಳ ಬೆಳಕಿನ ವ್ಯತ್ಯಾಸವೆಲ್ಲಿ ಹೆಚ್ಚೊ ಅಲ್ಲಿ ಅಂಚು, ಅಂಚುಗಳನ್ನು ಕೂಡಿಸಿದರೆ ರೇಖೆ, ರೇಖೆಗಳಿಂದ ಘನಾಕೃತಿ. ಇದು ಫಲಿಸಿದುದಕ್ಕೆ ಒಂದು ಕಾರಣವುಂಟು. ಸಮಘನ, ಬೆಣೆ, ಷಟ್ಕೋನಸ್ತಂಭ ಎಂಬ ಮೂಲಾಕೃತಿಗಳನ್ನು ಮೊದಲೇ ಹೇಳಿಕೊಟ್ಟಿದ್ದರು. ಪೂರ್ವಸಂಸ್ಕಾರವಿಲ್ಲದೆ ಪ್ರತ್ಯಭಿಜ್ಞೆ ಹೇಗೆ ಆದೀತು?

ದಪ್ಪ ಗೀಟಿನ ನಡುಗೆರೆಯನ್ನು ಹಿಡಿಯಲು 1967ರಲ್ಲಿ ಹ್ಯಾರಿ ಬ್ಲಮ್ ಅವರು ಕೊಟ್ಟ ಹೋಲಿಕೆ ರಮ್ಯವಾದುದು. ಒಣಹುಲ್ಲಿನ ಬಯಲಿಗೆ ಅಂಚಿನ ಸುತ್ತಲೂ ಏಕಕಾಲದಲ್ಲಿ ಬೆಂಕಿಯಿಟ್ಟರೆ, ಉರಿಗಳು ಪರಸ್ಪರ ಸಂಧಿಸುವ ಸ್ಥಾನವೇ ಆಕೃತಿಯ ಅಸ್ಥಿಪಂಜರ. ಆದರೆ ಎರಡು ಗೀಟುಗಳು ಓರೆಯಾಗಿ ಹಾಯ್ದಲ್ಲಿ ಈ ಬೆಂಕಿಯೂ ಮೋಸಹೋಗುವುದು: ಒಂದು ಸಂಧಿಯಿರಬೇಕಾದೆಡೆಯಲ್ಲಿ ಎರಡು ಸಂಧಿಗಳೂ ಅವುಗಳ ನಡುವೆ ಯಾರೂ ಎಳೆಯದ ಒಂದು ತುಂಡುಗೆರೆಯೂ ಹುಟ್ಟುವುವು. ಶುಕ್ತಿಯಲ್ಲಿ ರಜತವು ತೋರಿದಂತೆಯೇ ಸರಿ.

ಹೀಗೆ ದೊರೆತ ಅಂಕುಡೊಂಕಾದ ಗೆರೆಯನ್ನು ತಿದ್ದುವ ಕ್ರಮವನ್ನು 1972ರಲ್ಲಿ ಉರ್ಸ್ ರಾಮರ್ ಅವರೂ 1973ರಲ್ಲಿ ಡಗ್ಲಸ್ ಮತ್ತು ಪೋಯ್ಕರ್ ಅವರೂ ಪ್ರತ್ಯೇಕವಾಗಿ ಪ್ರಕಟಿಸಿದರು. ಕೊನೆಗಳೆರಡನ್ನು ಜೋಡಿಸಿ, ಅತ್ಯಂತ ದೂರದ ಬಿಂದುವು ಗೊತ್ತಾದ ಮಿತಿಯನ್ನು ಮೀರಿದರೆ ಅಲ್ಲಿ ಗೆರೆಯನ್ನು ಮುರಿಯುವುದು. ಮೀರದಿದ್ದರೆ ನಡುವಿನ ಬಿಂದುಗಳನ್ನೆಲ್ಲ ಬಿಡುವುದು. ಮಿತಿಯೆಷ್ಟೆಂದು ಗೊತ್ತುಮಾಡುವವನು ಮನುಷ್ಯ. ಲಿಪಿಕಾರನ ಕೈತಪ್ಪಾವುದು, ಮೂಲಪಾಠವಾವುದು ಎಂದು ನಿರ್ಣಯಿಸುವ ಗ್ರಂಥಸಂಪಾದಕನ ಹೊಣೆ ಇಲ್ಲಿಯೂ ತಪ್ಪಲಿಲ್ಲ.

ಎಂಜಿನಿಯರರ ನಕ್ಷೆಗಳಲ್ಲಿ ಮತ್ತೊಂದು ವಿಶೇಷವಿದೆ. ಕಾಗದವು ಕಾಲಕ್ರಮದಲ್ಲಿ ಕುಗ್ಗುವುದು, ಹಿಗ್ಗುವುದು. ಆದುದರಿಂದ ಗೆರೆಯನ್ನು ಅಳೆದು ಬಂದ ಉದ್ದಕ್ಕಿಂತ ಪಕ್ಕದಲ್ಲಿ ಬರೆದ ಅಂಕೆಯೇ ಪ್ರಮಾಣವೆಂಬುದು ಅವರ ಸಂಪ್ರದಾಯ. ಪ್ರತ್ಯಕ್ಷಕ್ಕಿಂತ ಶಬ್ದವು ಇಲ್ಲಿ ಬಲವತ್ತರ. ಬಿಂದುಗಳಿಂದೆತ್ತಿದ ರೇಖೆ ಎಷ್ಟೇ ನುಣುಪಾಗಿರಲಿ, ಆ ಅಂಕೆಯನ್ನು ಓದಿ ತನ್ನನ್ನು ತಿದ್ದಿಕೊಳ್ಳದಿದ್ದರೆ ಕುಗ್ಗಿದ ಕಾಗದದ ದೋಷವನ್ನೇ ಲೋಹಕ್ಕೆ ಸಾಗಿಸುವುದು.

2003ರಲ್ಲಿ ಪೀಟರ್ ಸೆಲಿಂಗರ್ ಅವರು ವಿವರಿಸಿದ 'ಪೋಟ್ರೇಸ್' ಎಂಬ ಸಾಧನವು ಬಿಂದುಚಿತ್ರದ ಅಂಚುಗಳನ್ನು ಬೆಜಿಯೆ ವಕ್ರರೇಖೆಗಳಾಗಿ ಬಹು ಸುಂದರವಾಗಿ ಮಾರ್ಪಡಿಸುವುದು. ಅಕ್ಷರಗಳಿಗೂ ಲಾಂಛನಗಳಿಗೂ ಅದು ಸಾಕು. ಆದರೆ ನಕ್ಷೆಯ ವೃತ್ತವೂ ಅಲ್ಲಿ ವಕ್ರರೇಖೆಗಳ ಮಾಲೆಯಾಗಿ ಬರುವುದೇ ಹೊರತು ಕೇಂದ್ರವೂ ತ್ರಿಜ್ಯವೂ ಉಳ್ಳ ವೃತ್ತವಾಗಿ ಬರುವುದಿಲ್ಲ. ಅಲ್ಲಿ ರಂಧ್ರವನ್ನು ಕೊರೆಯಿಸಬೇಕಾದ ನಕ್ಷೆಗಾರನು ಆ ಮಾಲೆಯನ್ನು ಅಳಿಸಿ, ಬರೆದ ಅಳತೆಯನ್ನು ನೋಡಿಕೊಂಡು, ವೃತ್ತವನ್ನು ಹೊಸದಾಗಿ ಎಳೆಯುವನು.