ಆಗಸ್ಟ್ 16ರ ಲೆಕ್ಕ

ನಮ್ಮಲ್ಲಿ ಅಗಲಿದ ಹಿರಿಯರನ್ನು ನೆನೆಯುವುದು ತಿಥಿಯಿಂದ. ಮಾಸ, ಪಕ್ಷಗಳನ್ನು ನೋಡಿ ಪಂಚಾಂಗದಲ್ಲಿ ದಿನವನ್ನು ಗೊತ್ತುಮಾಡುತ್ತೇವೆ. ಪಾಶ್ಚಾತ್ಯ ಜನಪ್ರಿಯ ಸಂಗೀತದ ಲೋಕಕ್ಕೆ ಪಂಚಾಂಗವಿಲ್ಲ. ಅಲ್ಲಿ ಇಂಗ್ಲಿಷ್ ತಾರೀಖೇ ಎಲ್ಲ. ಆ ಲೋಕದ ಅಭಿಮಾನಿಗಳಿಗೆ ಆಗಸ್ಟ್ 16 ದೊಡ್ಡ ದಿನ. ತಾರೀಖಿಗೆ ತನ್ನದೇ ಆದ ಮಹಿಮೆ ಯಾವುದೂ ಇಲ್ಲವೆಂದು ನಾನು ಬಲ್ಲೆ. ಆದರೂ ಬೇರೆ ಬೇರೆ ವರ್ಷಗಳಲ್ಲಿ ಅದೇ ದಿನ ನಡೆದ ಸಂಗತಿಗಳನ್ನು ಸಾಲಾಗಿ ಇಟ್ಟು ನೋಡಿದರೆ, ಕೀರ್ತಿಯೂ ಹಣವೂ ಯಾರ ಪಾಲಿಗೆ ಎಷ್ಟು ಬಂದವೆಂಬ ಲೆಕ್ಕ ಕಣ್ಣಿಗೆ ಕಟ್ಟುತ್ತದೆ.

ಮೊದಲನೆಯದು 1938. ಅಮೆರಿಕದ ಮಿಸಿಸಿಪಿ ರಾಜ್ಯದ ಗ್ರೀನ್‌ವುಡ್ ಊರಿನ ಬಳಿ ರಾಬರ್ಟ್ ಜಾನ್ಸನ್ ಎಂಬ ಕಪ್ಪು ಜನಾಂಗದ ತರುಣ ತೀರಿಕೊಂಡ. ವಯಸ್ಸು 27. ಗಿಟಾರು ಹಿಡಿದು ಊರೂರು ತಿರುಗಿ ‘ಬ್ಲೂಸ್’ ಹಾಡುತ್ತಿದ್ದವನು. 1936ರ ನವೆಂಬರಿನಲ್ಲಿ ಸ್ಯಾನ್ ಆಂಟೋನಿಯೋ ನಗರದ ಒಂದು ಹೋಟೆಲಿನ ಕೋಣೆಯಲ್ಲಿ, ಮರುವರ್ಷದ ಜೂನಿನಲ್ಲಿ ಡಲ್ಲಾಸಿನಲ್ಲಿ, ಒಟ್ಟು 29 ಹಾಡುಗಳನ್ನು ಮುದ್ರಿಸಿದ. ಅವನು ಬಿಟ್ಟುಹೋದ ಆಸ್ತಿಯೆಲ್ಲ ಅಷ್ಟೇ. ಅವನ ಮರಣಪತ್ರದಲ್ಲಿ ಕಾರಣದ ಜಾಗದಲ್ಲಿ ‘ವೈದ್ಯರಿಲ್ಲ’ ಎಂದು ಬರೆದಿದೆ. ಇಂದು ಆ ಸುತ್ತಿನ ಮೂರು ಚರ್ಚುಗಳಲ್ಲಿ ಅವನ ಹೆಸರಿನ ಕಲ್ಲುಗಳಿವೆ. ಸತ್ತ ಕೆಲವೇ ತಿಂಗಳಿಗೆ, ಅದೇ ಡಿಸೆಂಬರ್ 23ರಂದು, ನ್ಯೂಯಾರ್ಕಿನ ಕಾರ್ನೆಗಿ ಹಾಲಿನ ಕಛೇರಿಗೆ ಅವನನ್ನು ಕರೆತರಬೇಕೆಂದು ಜಾನ್ ಹ್ಯಾಮಂಡ್ ಹುಡುಕಿಸಿದ್ದ. ಹಾಡುಗಾರ ಇಲ್ಲವೆಂದು ತಿಳಿದು, ಆ ಮಹಾ ವೇದಿಕೆಯ ಮೇಲೆ ಅವನ ತಟ್ಟೆಗಳನ್ನೇ ನುಡಿಸಿದರು. ಜೀವಂತ ಇದ್ದಾಗ ಬಾರದ ಮನ್ನಣೆ 1961ರಲ್ಲಿ ಅವನ ಹಾಡುಗಳ ಸಂಕಲನ ಹೊರಬಂದ ಮೇಲೆ ಬಂತು.

ಎರಡನೆಯದು 1977. ಎಲ್ವಿಸ್ ಪ್ರೀಸ್ಲಿ, 42ನೆಯ ವಯಸ್ಸಿನಲ್ಲಿ, ಮೆಂಫಿಸ್ ನಗರದ ತನ್ನ ಬಂಗಲೆ ‘ಗ್ರೇಸ್‌ಲ್ಯಾಂಡ್’ನಲ್ಲಿ ನಿಧನನಾದ. ಬಾಗಿಲ ಮುಂದೆ ಸಹಸ್ರಾರು ಜನ ನೆರೆದರು. ಇಂದಿಗೂ ಪ್ರತಿವರ್ಷ ಅಲ್ಲಿ ಮೇಣದ ದೀಪ ಹಿಡಿದು ಸಾಲು ನಿಲ್ಲುತ್ತಾರೆ. ಈತನೂ ಹುಟ್ಟಿದ್ದು ಮಿಸಿಸಿಪಿಯ ಬಡ ಮನೆಯಲ್ಲೇ. 1954ರ ಜುಲೈಯಲ್ಲಿ ಸ್ಯಾಮ್ ಫಿಲಿಪ್ಸ್ ಎಂಬಾತನ ಸ್ಟುಡಿಯೋದಲ್ಲಿ ಈತನ ಭಾಗ್ಯದ ಬಾಗಿಲು ತೆರೆದ ಹಾಡು ಈತನದಲ್ಲ. ಆರ್ಥರ್ ಕ್ರೂಡಪ್ ಎಂಬ ಕಪ್ಪು ಹಾಡುಗಾರನದು. ಎಲ್ವಿಸನ ಪ್ರತಿಭೆಯನ್ನು ನಾನು ಕಿರಿದುಮಾಡುವುದಿಲ್ಲ. ಅವನ ಕಂಠ ನಿಜವಾಗಿ ಅಪೂರ್ವ. ಆದರೆ ಕ್ರೂಡಪ್ ತನ್ನ ಹಾಡುಗಳಿಗೆ ನ್ಯಾಯವಾಗಿ ಸಲ್ಲಬೇಕಾದ ಹಣವನ್ನು ಪಡೆಯದೆಯೇ 1974ರಲ್ಲಿ ಕಣ್ಣುಮುಚ್ಚಿದ.

ಮೂರನೆಯದು 2018. ಡೆಟ್ರಾಯಿಟಿನಲ್ಲಿ 76 ವರ್ಷದ ಅರೀಥಾ ಫ್ರಾಂಕ್ಲಿನ್ ತೀರಿಕೊಂಡರು. ಎಲ್ವಿಸ್ ಸತ್ತ ಮೆಂಫಿಸಿನಲ್ಲೇ 1942ರಲ್ಲಿ ಹುಟ್ಟಿದವರು, ಧರ್ಮೋಪದೇಶಕರ ಮಗಳು, ಚರ್ಚಿನಲ್ಲಿ ಹಾಡಿ ಬೆಳೆದವರು. 1967ರಲ್ಲಿ ಅವರನ್ನು ಲೋಕಪ್ರಸಿದ್ಧಗೊಳಿಸಿದ ಹಾಡಿನ ಹೆಸರು ‘ರೆಸ್ಪೆಕ್ಟ್’, ಎಂದರೆ ಗೌರವ. ಅದನ್ನು ಬರೆದು 1965ರಲ್ಲಿ ಮೊದಲು ಹಾಡಿದವನು ಓಟಿಸ್ ರೆಡಿಂಗ್. ಆತನ ಬಾಯಲ್ಲಿ ಅದು ದುಡಿದು ಮನೆಗೆ ಬಂದ ಗಂಡಸಿನ ಬೇಡಿಕೆ. ಅರೀಥಾ ಅದನ್ನು ಹೆಣ್ಣಿನ ಹಕ್ಕೊತ್ತಾಯವನ್ನಾಗಿ ಮಾರ್ಪಡಿಸಿದರು, ಕಪ್ಪು ಜನ ಅದರಲ್ಲಿ ತಮ್ಮ ಹೋರಾಟದ ದನಿಯನ್ನು ಕೇಳಿದರು. ಇಲ್ಲಿಯೂ ಲೆಕ್ಕದ ವೈಚಿತ್ರ್ಯ ನೋಡಿ: ಅಮೆರಿಕದ ಕಾನೂನಿನಲ್ಲಿ ಸಾಮಾನ್ಯ ರೇಡಿಯೋ ಪ್ರಸಾರದ ಸಂಭಾವನೆ ಹಾಡು ಬರೆದವರಿಗೆ, ಹಾಡಿದವರಿಗಲ್ಲ. ಗೌರವ ಬೇಡಿದ ಆ ಹಾಡು ಅಲ್ಲಿ ಎಷ್ಟು ಸಾರಿ ಪ್ರಸಾರವಾದರೂ ಅದರ ಪ್ರಸಾರದ ಹಣದಲ್ಲಿ ಅರೀಥಾ ಅವರಿಗೆ ಪಾಲಿರಲಿಲ್ಲ. ಕ್ರೂಡಪ್ ಬರೆದವನಾಗಿ ಕಳೆದುಕೊಂಡ, ಈಕೆ ಹಾಡಿದವಳಾಗಿ ಕಳೆದುಕೊಂಡಳು.

ಇದೇ ದಿನಕ್ಕೆ ಸಾವಿಲ್ಲದ ಇನ್ನೊಂದು ದುಃಖವೂ ಉಂಟು. 1962ರ ಆಗಸ್ಟ್ 16ರಂದು ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಬೀಟಲ್ಸ್ ತಂಡದ ವ್ಯವಸ್ಥಾಪಕ ಬ್ರಯನ್ ಎಪ್‌ಸ್ಟೈನ್, ಎರಡು ವರ್ಷ ತಂಡಕ್ಕೆ ಡ್ರಮ್ಮು ಬಾರಿಸಿದ್ದ ಪೀಟ್ ಬೆಸ್ಟನನ್ನು ಕರೆದು, ನಿನ್ನ ಅಗತ್ಯವಿಲ್ಲವೆಂದು ತಿಳಿಸಿದ. ಅದೇ ಅಕ್ಟೋಬರಿನಲ್ಲಿ ತಂಡದ ಮೊದಲ ತಟ್ಟೆ ಬಂತು. ಮುಂದಿನದು ಜಗತ್ತಿಗೇ ಗೊತ್ತು. ಬೆಸ್ಟ್ ಬಹುಕಾಲ ಸರಕಾರಿ ಉದ್ಯೋಗ ವಿನಿಮಯ ಕಛೇರಿಯಲ್ಲಿ ದುಡಿದ. ಅವನು ನುಡಿಸಿದ್ದ ಹಳೆಯ ಮುದ್ರಣಗಳು 1995ರಲ್ಲಿ ಬೀಟಲ್ಸ್ ಸಂಕಲನವೊಂದರಲ್ಲಿ ಸೇರಿದಾಗ, 33 ವರ್ಷಗಳ ಮೇಲೆ, ಅವನ ಪಾಲಿನ ಹಣ ಕೈಗೆ ಬಂತು.

ಬದುಕಿರುವವನಿಗೆ ತಡವಾಗಿಯಾದರೂ ಬಾಕಿ ತೀರಬಹುದು. ಜಾನ್ಸನನಂಥವರಿಗೆ ತೀರಿಸುವ ದಾರಿ ಯಾವುದು? ಕೇಳುಗರಾದ ನಮಗೆ ಒಂದು ದಾರಿಯಿದೆಯೆಂದು ನನಗೆ ತೋರುತ್ತದೆ. ಹಾಡು ಕಿವಿಗೆ ಬಿದ್ದು ಮನಸ್ಸು ತಣಿದಾಗ, ಹಾಡಿದವರಾರು, ಬರೆದವರಾರು, ಪಕ್ಕದಲ್ಲಿ ಕುಳಿತು ನುಡಿಸಿದವರಾರು ಎಂದು ವಿಚಾರಿಸುವುದು. ತರ್ಪಣವೆಂದರೂ ಹೆಸರು ಹಿಡಿದು ಕೊಡುವ ನೀರೇ ಅಲ್ಲವೆ?