ಇಂಗ್ಲಿಷ್ ಬೋಧನೆ, ಕನ್ನಡ ಮಾಧ್ಯಮ ಶಾಲೆಗಳಲ್ಲಿ

ಕನ್ನಡದಲ್ಲಿ ಓದುವ ಮಕ್ಕಳಿಗೆ ಇಂಗ್ಲಿಷನ್ನು ಒಂದು ಭಾಷಾ ವಿಷಯವಾಗಿ ಕಲಿಸುವ ಶಿಕ್ಷಣ ಕ್ರಮ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 5ನೆಯ ತರಗತಿಯಿಂದ ಆರಂಭವಾಗುತ್ತಿದ್ದ ಇದು 2007-08ರಿಂದ 1ನೆಯ ತರಗತಿಗೇ ಬಂತು. ಶಿಕ್ಷಕರ ತರಬೇತಿಯ ಮುಖ್ಯ ಕೇಂದ್ರಗಳಲ್ಲಿ 1963ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಒಂದು.

ಇಂಗ್ಲಿಷ್ ಕಲಿಕೆಗೆ ಪ್ರಬಲ ಪ್ರೇರಣೆ ಉನ್ನತ ಶಿಕ್ಷಣ. ಉದಾಹರಣೆಗೆ, ದಾವಣಗೆರೆಯ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು (1951), ಜೆ.ಜೆ.ಎಂ. ವೈದ್ಯಕೀಯ ಕಾಲೇಜು (1965) ಎರಡರಲ್ಲೂ ಬೋಧನೆ ಇಂಗ್ಲಿಷಿನಲ್ಲಿದೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ವಿಜ್ಞಾನ ಓದಿದವರು ಪಿಯುಸಿಯಲ್ಲೇ ಇಂಗ್ಲಿಷ್ ಮಾಧ್ಯಮದ ಈ ತಿರುವನ್ನು ಎದುರಿಸುತ್ತಾರೆ. ಆದರೆ ಇಂಗ್ಲಿಷಿನ ಒಡನಾಟ ಎಲ್ಲೆಡೆ ಒಂದೇ ರೀತಿ ಇಲ್ಲ: ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಂಥ ನಗರಭಾಗದಲ್ಲಿ ಅದು ನಾಮಫಲಕಗಳಲ್ಲಾದರೂ ಕಾಣುತ್ತದೆ. ಹತ್ತಿರದ ಹರಿಹರ ಪಟ್ಟಣದ ಸುತ್ತಲಿನ ಹಳ್ಳಿಗಳಲ್ಲಿ ತರಗತಿಯಾಚೆ ಅದು ಕಿವಿಗೆ ಬೀಳುವುದು ಕಡಿಮೆ. ಪಠ್ಯಕ್ರಮದಲ್ಲಿ ದ್ವಿತೀಯ ಭಾಷೆಯಾದರೂ ಅಲ್ಲಿ ಅದು ವಾಸ್ತವವಾಗಿ ವಿದೇಶಿ ಭಾಷೆಯೇ.

ಕಲಿಕೆಯ ತೊಡಕುಗಳ ಮೂಲ ಬಹುಮಟ್ಟಿಗೆ ಎರಡು ಭಾಷೆಗಳ ರಚನೆಯಲ್ಲಿದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ, ಇಂಗ್ಲಿಷಿನಲ್ಲಿ ಕರ್ಮಪದಕ್ಕಿಂತ ಮೊದಲು ಬರುತ್ತದೆ. ‘ಮನೆಯಲ್ಲಿ’ ಎಂಬಲ್ಲಿ ವಿಭಕ್ತಿ ನಾಮಪದಕ್ಕೆ ಅಂಟಿದರೆ, ಇಂಗ್ಲಿಷಿನಲ್ಲಿ ಆ ಅರ್ಥದ ಪದ ಬೇರೆಯಾಗಿ ಮುಂದೆ ನಿಲ್ಲುತ್ತದೆ. ‘ಎ’, ‘ದ’ ಎಂಬ ಉಪಪದಗಳಿಗೆ ಕನ್ನಡದಲ್ಲಿ ಸಮಾನ ರೂಪವಿಲ್ಲ. ದೀರ್ಘಕಾಲ ಕಲಿತವರೂ ಎಡವುವುದು ಇಲ್ಲಿಯೇ. ಉಚ್ಚಾರದಲ್ಲಿ ‘ಸ್ಕೂಲ್’ ‘ಇಸ್ಕೂಲು’ ಆಗುತ್ತದೆ, ‘ಬಸ್’ ‘ಬಸ್ಸು’ ಆಗುತ್ತದೆ. ಇವು ಅಲಕ್ಷ್ಯದ ತಪ್ಪುಗಳಲ್ಲ, ಪದದ ಮೊದಲ ಒತ್ತಕ್ಷರವನ್ನು ಸಡಿಲಿಸುವ, ಸ್ವರಾಂತ್ಯವನ್ನು ಬಯಸುವ ಆಡುಗನ್ನಡದ ಧ್ವನಿನಿಯಮಗಳ ಫಲ. ಬರೆದಂತೆ ಓದುವ ಲಿಪಿಗೆ ಒಗ್ಗಿದ ಮಗುವಿಗೆ ಇಂಗ್ಲಿಷ್ ಕಾಗುಣಿತ ಇನ್ನೊಂದು ಹೊರೆ.